ಮೀನು ತಿನ್ನದವನ ಹೊಣೆ

ಕಡಲಿನ ಮೀನುಗಳಲ್ಲಿ ಪಾದರಸ, ಕ್ಯಾಡ್ಮಿಯಂ, ಸೀಸ ಮೊದಲಾದ ಭಾರಲೋಹಗಳು ಸೇರಿಕೊಳ್ಳುತ್ತಿರುವ ವಿಷಯವನ್ನು ಜೈನರ ಪತ್ರಿಕೆಯಲ್ಲಿ ಏಕೆ ಚರ್ಚಿಸಬೇಕು ಎಂಬ ಪ್ರಶ್ನೆ ಸಹಜವಾದುದೇ. ಮೀನು ಹಿಡಿಯುವುದೂ ಇಲ್ಲ, ಮಾರುವುದೂ ಇಲ್ಲ, ತಿನ್ನುವ ಮಾತಂತೂ ದೂರವೇ ಉಳಿಯಿತು ಎನ್ನುವ ಸಮಾಜಕ್ಕೆ ಮೀನಿನೊಳಗಿನ ವಿಷದ ಗೊಡವೆ ಏತಕ್ಕೆ? ಹೀಗೆ ಕೇಳಿದಾಗ ಸಾಮಾನ್ಯವಾಗಿ ಎರಡು ಉತ್ತರಗಳು ಬರುತ್ತವೆ. ಇದು ತಿನ್ನುವವರ ಸಮಸ್ಯೆ, ತಿನ್ನದವರಿಗೆ ಇದರಲ್ಲಿ ಪಾಲಿಲ್ಲ ಎಂಬುದು ಒಂದು. ಇನ್ನೊಂದು ಉತ್ತರದಲ್ಲಿ ಒಂದು ಬಗೆಯ ಸಮಾಧಾನವೂ ಬೆರೆತಿರುತ್ತದೆ. ಜೀವವನ್ನು ಕೊಂದು ತಿಂದವರಿಗೆ ಆ ಜೀವದ ಮೂಲಕವೇ ಫಲ ದೊರೆಯಿತು, ಆದುದರಿಂದ ಸಸ್ಯಾಹಾರವೇ ಲೇಸು ಎಂದು ಲೋಕಕ್ಕೆ ತಿಳಿಹೇಳಲು ಇದು ಒಳ್ಳೆಯ ನಿದರ್ಶನ ಎಂಬುದೇ ಆ ಉತ್ತರ. ಮೊದಲನೆಯದು ಬರಿಯ ಔದಾಸೀನ್ಯ. ಎರಡನೆಯದು ಧರ್ಮದ ಉಡುಪು ತೊಟ್ಟು ಬರುವುದರಿಂದ ಅದನ್ನು ಹೆಚ್ಚು ಎಚ್ಚರದಿಂದ ಪರೀಕ್ಷಿಸಬೇಕಾಗುತ್ತದೆ.

ಇಂಥ ಪರೀಕ್ಷೆ ತತ್ತ್ವದ ಮಾತಿನಿಂದ ಮಾತ್ರ ನಡೆಯುವುದಿಲ್ಲ. ನಡೆದ ಒಂದು ಸಂಗತಿಯನ್ನು ಮೊದಲಿನಿಂದ ಕಡೆಯವರೆಗೆ ನೋಡಬೇಕು. ಮೀನಿನಲ್ಲಿ ಸೇರಿದ ಲೋಹವು ಮನುಷ್ಯನಿಗೆ ಏನು ಮಾಡಬಲ್ಲದೆಂಬುದನ್ನು ಲೋಕಕ್ಕೆ ಮೊದಲು ಕಾಣಿಸಿದ ಊರು ಜಪಾನಿನ ಮಿನಮಾಟ.

ಕ್ಯೂಶೂ ದ್ವೀಪದ ಪಶ್ಚಿಮ ತೀರದಲ್ಲಿ, ಕುಮಾಮೊಟೊ ಪ್ರಾಂತಕ್ಕೆ ಸೇರಿದ ಚಿಕ್ಕ ಪಟ್ಟಣ ಅದು. ಎದುರಿಗೆ ಶಿರನುಯಿ ಎಂಬ ಶಾಂತವಾದ ಒಳಸಮುದ್ರ. ತೀರದ ಹಳ್ಳಿಗಳವರು ಬೆಸ್ತರು. ಹೊಲಗದ್ದೆ ಅಲ್ಪ, ಮೀನೇ ಅವರ ಮೂರು ಹೊತ್ತಿನ ಊಟ. ಈ ಪಟ್ಟಣದಲ್ಲಿ 1908ರಿಂದಲೂ ಒಂದು ರಾಸಾಯನಿಕ ಕಾರ್ಖಾನೆಯಿತ್ತು. ಚಿಸ್ಸೊ ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ಸಂಸ್ಥೆ 1932ರಿಂದ ಅಸಿಟಾಲ್ಡಿಹೈಡ್ ಎಂಬ ವಸ್ತುವನ್ನು ತಯಾರಿಸತೊಡಗಿತು. ಯುದ್ಧಾನಂತರದ ವರ್ಷಗಳಲ್ಲಿ ಇದರಿಂದಲೇ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುವ ದ್ರವ್ಯಗಳು ತಯಾರಾಗಿ ದೇಶವೆಲ್ಲ ಹರಡಿದವು. ತಯಾರಿಕೆಯಲ್ಲಿ ವೇಗವರ್ಧಕವಾಗಿ ಪಾದರಸದ ಲವಣವೊಂದನ್ನು ಬಳಸುತ್ತಿದ್ದರು. ಆ ಕ್ರಿಯೆಯ ನಡುವೆ ಪಾದರಸದ ಒಂದಂಶವು ಮೀಥೈಲ್ ಪಾದರಸವಾಗಿ ಮಾರ್ಪಟ್ಟು, ತೊಳೆದ ನೀರಿನೊಡನೆ ಕೊಲ್ಲಿಗೆ ಹರಿದುಹೋಗುತ್ತಿತ್ತು.

ಈ ವಿಷದ ಗತಿಯನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು. ನೀರಿನಲ್ಲಿ ಅದರ ಪ್ರಮಾಣ ಅತ್ಯಲ್ಪ. ಅಲ್ಲಿಂದ ಅದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳನ್ನು ಸೇರುತ್ತದೆ. ಅವನ್ನು ಚಿಕ್ಕ ಮೀನು, ಚಿಕ್ಕದನ್ನು ದೊಡ್ಡ ಮೀನು ತಿನ್ನುತ್ತದೆ. ದೇಹವನ್ನು ಹೊಕ್ಕ ಮೀಥೈಲ್ ಪಾದರಸ ಬೇಗನೆ ಹೊರಬೀಳುವುದಿಲ್ಲವಾದ್ದರಿಂದ ಒಂದೊಂದು ಮೆಟ್ಟಲಿಗೂ ಅದು ಸಾಂದ್ರವಾಗುತ್ತ ಹೋಗುತ್ತದೆ. ಬೂತಾಯಿ, ಬಂಗುಡೆಯಂಥ ಸಣ್ಣ ಮೀನುಗಳಲ್ಲಿ ಕಡಮೆ; ಶಾರ್ಕ್, ಖಡ್ಗಮೀನು, ದೊಡ್ಡ ಟ್ಯೂನಾಗಳಲ್ಲಿ ಹೆಚ್ಚು. ಇದು ಮೀನಿನ ಕೊಬ್ಬಿನಲ್ಲಲ್ಲ, ಮಾಂಸದಲ್ಲೇ ಬೆರೆತಿರುವುದರಿಂದ ತೊಳೆದರೂ ಬೇಯಿಸಿದರೂ ಹೋಗದು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲಿ ವ್ಯತ್ಯಾಸವಿಲ್ಲ. ತಿಂದವನಿಗೆ ತಿಳಿಯುವುದು ಕೈಕಾಲುಗಳು ಜೋಮು ಹಿಡಿದಾಗ, ದೃಷ್ಟಿ ಕೊಳವೆಯೊಳಗಿಂದ ನೋಡಿದಂತೆ ಕಿರಿದಾದಾಗ, ಮಾತು ತೊದಲಿದಾಗ, ನಡಿಗೆ ತಪ್ಪಿದಾಗ. ಅಷ್ಟು ಹೊತ್ತಿಗೆ ಅದು ಮೆದುಳನ್ನು ಸೇರಿಯಾಗಿರುತ್ತದೆ.

ಮಿನಮಾಟದಲ್ಲಿ ಮೊದಲು ಸತ್ತವರು ಮನುಷ್ಯರಲ್ಲ. 1950ರ ದಶಕದ ಆರಂಭದಲ್ಲಿ ಕೊಲ್ಲಿಯ ಮೀನುಗಳು ನೀರಿನ ಮೇಲೆ ತೇಲತೊಡಗಿದವು. ಕಾಗೆಗಳು ಹಾರುತ್ತಿದ್ದಂತೆಯೇ ಕೆಳಗೆ ಬಿದ್ದವು. ಬೆಸ್ತರ ಮನೆಗಳ ಬೆಕ್ಕುಗಳು ಗಿರಗಿರನೆ ಸುತ್ತಿ, ಕುಣಿದಂತೆ ಮಾಡಿ, ಕೆಲವು ಕಡಲಿಗೇ ಹಾರಿ ಸತ್ತವು. ಬೆಕ್ಕುಗಳ ಕುಣಿತದ ರೋಗವೆಂದು ಜನ ಅದಕ್ಕೆ ಹೆಸರಿಟ್ಟರು. ಒಂದು ಹಳ್ಳಿಯಲ್ಲಿ ಬೆಕ್ಕುಗಳೆಲ್ಲ ಸತ್ತು ಇಲಿಗಳ ಕಾಟ ಹೆಚ್ಚಿದೆಯೆಂಬ ಸುದ್ದಿ 1954ರಲ್ಲಿ ಪತ್ರಿಕೆಯಲ್ಲಿ ಬಂದಿತ್ತು. ತ್ರಸಜೀವಿಗಳ ಸಂಕಟವನ್ನು ಯಾರಾದರೂ ಅದರದರ ಲೆಕ್ಕದಲ್ಲೇ ಗಣನೆಗೆ ತಂದುಕೊಂಡಿದ್ದರೆ, ಮಕ್ಕಳ ಸರದಿ ಬರುವ ಮುನ್ನವೇ ಕಾರಣ ಹುಡುಕಬಹುದಾಗಿತ್ತು. ಬೆಕ್ಕು ಸತ್ತರೆ ಇಲಿಯ ಚಿಂತೆ ಮಾತ್ರ ಮಾಡುವುದು ಮನುಷ್ಯಸ್ವಭಾವ.

1956ರ ಏಪ್ರಿಲಿನಲ್ಲಿ ಐದು ವರ್ಷದ ಹುಡುಗಿಯೊಬ್ಬಳನ್ನು ಕಾರ್ಖಾನೆಯದೇ ಆಸ್ಪತ್ರೆಗೆ ಕರೆತಂದರು. ಕೆಲವೇ ದಿನಗಳಲ್ಲಿ ಅವಳ ಪುಟ್ಟ ತಂಗಿಯನ್ನೂ ಕರೆತರಬೇಕಾಯಿತು. ಮೇ 1ರಂದು ಆಸ್ಪತ್ರೆಯ ಮುಖ್ಯ ವೈದ್ಯ ಹೊಸೊಕಾವಾ ಹಜಿಮೆ ಅವರು ಕಾರಣ ತಿಳಿಯದ ನರರೋಗವೊಂದು ಹಬ್ಬುತ್ತಿದೆಯೆಂದು ಆರೋಗ್ಯ ಇಲಾಖೆಗೆ ವರದಿ ಮಾಡಿದರು. ಮೊದಲು ಅದನ್ನು ಅಂಟುರೋಗವೆಂದೇ ಶಂಕಿಸಲಾಯಿತು. ರೋಗಿಗಳ ಮನೆಗಳಿಗೆ ಔಷಧ ಸಿಂಪಡಿಸಿದರು, ನೆರೆಹೊರೆಯವರು ದೂರವಾದರು. ತಾಯಂದಿರು ಹೆಚ್ಚೇನೂ ಕಾಯಿಲೆಯಿಲ್ಲದೆ ಓಡಾಡಿಕೊಂಡಿದ್ದರೂ ಹುಟ್ಟಿದ ಮಕ್ಕಳು ಕುತ್ತಿಗೆ ನಿಲ್ಲದೆ, ಮಾತು ಬಾರದೆ ಬೆಳೆದುದು ಇದರಲ್ಲೆಲ್ಲ ಅತ್ಯಂತ ದಾರುಣವಾದುದು. ಮಾಸು ಗರ್ಭದ ಶಿಶುವನ್ನು ವಿಷದಿಂದ ಕಾಪಾಡುತ್ತದೆಂಬುದು ಆಗಿನ ವೈದ್ಯಶಾಸ್ತ್ರದ ನಂಬಿಕೆಯಾಗಿತ್ತು. ತಾಯಿಯ ದೇಹದ ವಿಷ ಮಗುವಿನಲ್ಲಿ ಸೇರಿಕೊಂಡಿತ್ತೆಂಬುದನ್ನು ಹರಾಡಾ ಮಸಾಜುಮಿ ಮೊದಲಾದ ವೈದ್ಯರು ಕ್ರಮೇಣ ತೋರಿಸಿಕೊಟ್ಟರು. ಮಗುವಿನ ಒಣಗಿದ ಹೊಕ್ಕುಳಬಳ್ಳಿಯನ್ನು ಪುಟ್ಟ ಪೆಟ್ಟಿಗೆಯಲ್ಲಿ ಜೋಪಾನ ಮಾಡುವುದು ಜಪಾನಿನ ಮನೆಗಳ ಪದ್ಧತಿ. ತಾಯಂದಿರು ಮಮತೆಯಿಂದ ತೆಗೆದಿರಿಸಿದ್ದ ಆ ಬಳ್ಳಿಗಳಲ್ಲೇ ಪಾದರಸ ಸಾಕ್ಷ್ಯವಾಗಿ ಉಳಿದಿತ್ತು. 1962ರಲ್ಲಿ ಹದಿನಾರು ಮಕ್ಕಳನ್ನು ಹುಟ್ಟಿನಿಂದಲೇ ಈ ರೋಗಕ್ಕೆ ತುತ್ತಾದವರೆಂದು ಅಧಿಕೃತವಾಗಿ ಒಪ್ಪಿಕೊಳ್ಳಲಾಯಿತು.

ಹಾಗಾದರೆ ಮೀನು ತಿನ್ನಬೇಡಿರೆಂದು ಸರಕಾರ ಹೇಳಲಿಲ್ಲವೇ? ತಿನ್ನದಿರುವುದು ಒಳ್ಳೆಯದೆಂಬ ಸಲಹೆ ಇತ್ತು. ಆದರೆ ಕೊಲ್ಲಿಯ ಮೀನನ್ನು ಕಾನೂನಿನಿಂದ ನಿಷೇಧಿಸಬಹುದೇ ಎಂದು ಪ್ರಾಂತದ ಅಧಿಕಾರಿಗಳು 1957ರಲ್ಲಿ ಕೇಳಿದಾಗ, ಅಲ್ಲಿನ ಎಲ್ಲ ಮೀನುಗಳೂ ವಿಷಯುಕ್ತವೆಂಬುದಕ್ಕೆ ಸ್ಪಷ್ಟ ಆಧಾರವಿಲ್ಲದ ಕಾರಣ ಹಾಗೆ ಮಾಡಲಾಗದೆಂದು ಕೇಂದ್ರದ ಆರೋಗ್ಯ ಸಚಿವಾಲಯ ಉತ್ತರಿಸಿತು. ಎಲ್ಲ ಮೀನುಗಳೂ! ಒಂದೊಂದು ಮೀನಿನ ಅಪರಾಧವನ್ನೂ ಸಾಬೀತುಪಡಿಸಬೇಕೆಂಬ ಈ ವಾದದ ಮುಂದೆ ಯಾವ ನೈಯಾಯಿಕನೂ ಬೆರಗಾಗಬೇಕು.

ಈಗ ಹೊಸೊಕಾವಾ ಅವರ ವಿಷಯಕ್ಕೆ ಬರಬೇಕು. ಈ ಇಡೀ ಪ್ರಸಂಗದ ನೈತಿಕ ಗಂಟು ಇರುವುದು ಆ ಒಬ್ಬ ಮನುಷ್ಯನ ಮನಸ್ಸಿನಲ್ಲಿ. ಅವರು ದುಷ್ಟರಲ್ಲ. ರೋಗವನ್ನು ಮೊದಲು ವರದಿ ಮಾಡಿದವರೇ ಅವರು. 1959ರ ಜುಲೈನಲ್ಲಿ ಕುಮಾಮೊಟೊ ವಿಶ್ವವಿದ್ಯಾಲಯದ ಸಂಶೋಧಕರು ರೋಗಕ್ಕೆ ಪಾದರಸದ ಸಂಯುಕ್ತವೇ ಕಾರಣವೆಂದು ಪ್ರಕಟಿಸಿದಾಗ ಸಂಸ್ಥೆ ಅದನ್ನು ಅಲ್ಲಗಳೆಯಿತು. ವೈದ್ಯರು ಮಾತ್ರ ಸ್ವತಃ ಪರೀಕ್ಷಿಸಿ ನೋಡಲು ನಿರ್ಧರಿಸಿದರು. ಅಸಿಟಾಲ್ಡಿಹೈಡ್ ವಿಭಾಗದಿಂದ ಹೊರಬೀಳುವ ನೀರನ್ನೇ ಬೆಕ್ಕೊಂದರ ಆಹಾರದಲ್ಲಿ ದಿನವೂ ಬೆರೆಸಿ ಕೊಟ್ಟರು. ಪ್ರಯೋಗದ ದಾಖಲೆಯಲ್ಲಿ ಅದರ ಸಂಖ್ಯೆ 400. ಅಕ್ಟೋಬರ್ ತಿಂಗಳಲ್ಲಿ ಆ ಬೆಕ್ಕು ನಡುಗಿತು, ಸುತ್ತಿತು, ಗೋಡೆಗೆ ಢಿಕ್ಕಿ ಹೊಡೆಯಿತು. ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ. ವೈದ್ಯರು ಸಂಗತಿಯನ್ನು ಸಂಸ್ಥೆಯ ಹಿರಿಯರಿಗೆ ತಿಳಿಸಿದರು. ಒಂದೇ ಬೆಕ್ಕಿನಿಂದ ಏನೂ ಸಿದ್ಧವಾಗದು ಎಂಬ ಉತ್ತರ ಬಂತು; ಅದೇ ನೀರಿನ ಪ್ರಯೋಗವನ್ನು ಮುಂದುವರಿಸಲು ಅವಕಾಶ ಸಿಗಲಿಲ್ಲ. ಹೊರಗೆ ಯಾರಿಗೂ ಈ ವಿಷಯ ತಿಳಿಯಲಿಲ್ಲ. ವೈದ್ಯರು ಸುಮ್ಮನಾದರು.

(ಬೆಕ್ಕುಗಳ ಮೇಲೆ ನಡೆದ ಇಂಥ ಪ್ರಯೋಗಗಳನ್ನು ಜೈನನು ಒಪ್ಪಲಾರ. ಆದರೆ ಒಂದು ಜೀವವನ್ನು ಬಲಿಕೊಟ್ಟು ಪಡೆದ ಸತ್ಯವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಆ ಹಿಂಸೆಗೆ ನೆಪವೂ ಉಳಿಯುವುದಿಲ್ಲ ಎಂಬುದನ್ನು ಪ್ರಯೋಗವನ್ನು ಸಮರ್ಥಿಸುವವರೂ ಒಪ್ಪಬೇಕಾದೀತು.)

ಅದೇ ವರ್ಷದ ಡಿಸೆಂಬರ್ 30ರಂದು ಸಂಸ್ಥೆ ರೋಗಿಗಳೊಡನೆ ಒಪ್ಪಂದ ಮಾಡಿಕೊಂಡಿತು. ಕೊಟ್ಟ ಹಣಕ್ಕೆ ಪರಿಹಾರವೆಂದು ಹೆಸರಿಡಲಿಲ್ಲ, ಸಹಾನುಭೂತಿಯ ಹಣವೆಂದರು. ರೋಗಕ್ಕೆ ಕಾರ್ಖಾನೆಯ ನೀರೇ ಕಾರಣವೆಂದು ಮುಂದೆ ಗೊತ್ತಾದರೂ ಹೆಚ್ಚಿನದನ್ನು ಕೇಳತಕ್ಕದ್ದಲ್ಲವೆಂಬ ಷರತ್ತು ಅದರಲ್ಲಿತ್ತು. ಬೆಕ್ಕಿನ ವರದಿ ಸಂಸ್ಥೆಯ ಬಳಿ ಆಗಲೇ ಇತ್ತು ಎಂಬುದನ್ನು ನೆನಪಿಟ್ಟು ಈ ಷರತ್ತನ್ನು ಓದಬೇಕು. ಅದೇ ತಿಂಗಳಲ್ಲಿ ನೀರನ್ನು ಶುದ್ಧಗೊಳಿಸುವ ಯಂತ್ರವೊಂದನ್ನು ಸಮಾರಂಭಪೂರ್ವಕವಾಗಿ ಸ್ಥಾಪಿಸಲಾಯಿತು. ಮೀಥೈಲ್ ಪಾದರಸವನ್ನು ಬೇರ್ಪಡಿಸಲು ಅದು ನಿರ್ಮಿತವಾಗಿರಲೇ ಇಲ್ಲ. ಜನ ಸಮಾಧಾನಗೊಂಡು ಮತ್ತೆ ಮೀನು ತಿಂದರು. ವಿಷ ಹರಿಯುವುದು ನಿಂತದ್ದು 1968ರ ಮೇ ತಿಂಗಳಲ್ಲಿ, ಆ ತಯಾರಿಕೆಯ ವಿಧಾನವೇ ಹಳತಾಗಿ ಕೈಬಿಟ್ಟಾಗ. ಸರಕಾರ ಕಾರಣವನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು ಅದೇ ಸೆಪ್ಟೆಂಬರಿನಲ್ಲಿ. ಅಷ್ಟರೊಳಗೆ, 1965ರಲ್ಲಿ, ನಿಗಾಟಾ ಪ್ರಾಂತದ ಅಗಾನೊ ನದಿಯ ತೀರದಲ್ಲಿ ಇನ್ನೊಂದು ಕಾರ್ಖಾನೆಯಿಂದ ಅದೇ ರೋಗ ಮತ್ತೊಮ್ಮೆ ಕಾಣಿಸಿಕೊಂಡಿತ್ತು. ಎರಡೂ ಕಡೆ ಸೇರಿ ಅಧಿಕೃತವಾಗಿ ರೋಗಿಗಳೆಂದು ಮಾನ್ಯತೆ ಪಡೆದವರು ಸುಮಾರು 3,000 ಜನ. ಮಾನ್ಯತೆಯಿಲ್ಲದೆ ಸಣ್ಣ ಪರಿಹಾರಕ್ಕೆ ತೃಪ್ತರಾಗಬೇಕಾದವರು ಹತ್ತಾರು ಸಾವಿರ.

ಹೊಸೊಕಾವಾ ಅವರು 1970ರಲ್ಲಿ, ಕ್ಯಾನ್ಸರ್ ಪೀಡಿತರಾಗಿ ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗ, ನ್ಯಾಯಾಲಯಕ್ಕೆ ಬೆಕ್ಕಿನ ಪ್ರಯೋಗದ ಸಂಗತಿಯನ್ನು ಹೇಳಿದರು. ಅದೇ ವರ್ಷ ಅವರು ತೀರಿಕೊಂಡರು. 1973ರ ಮಾರ್ಚ್ 20ರಂದು ಕುಮಾಮೊಟೊ ನ್ಯಾಯಾಲಯ ಸಂಸ್ಥೆಯ ಅಜಾಗರೂಕತೆಯನ್ನು ಸ್ಥಿರಪಡಿಸಿ, 1959ರ ಒಪ್ಪಂದವನ್ನು ಅಸಿಂಧುವೆಂದು ಸಾರಿತು.

ಇಷ್ಟನ್ನು ತಿಳಿದ ಮೇಲೆ, ಕೊಂದು ತಿಂದವರಿಗೆ ಫಲ ದೊರೆಯಿತು ಎಂಬ ಮಾತನ್ನು ಮತ್ತೊಮ್ಮೆ ನೋಡಬೇಕು. ಮೊದಲನೆಯದಾಗಿ ಅದು ವಾಸ್ತವವಾಗಿಯೇ ತಪ್ಪು. ವಿಷಕ್ಕೆ ಆಹಾರದಲ್ಲಿ ಭೇದವಿಲ್ಲ. ಜಪಾನಿನದೇ ತೊಯಾಮಾ ಪ್ರಾಂತದಲ್ಲಿ ಕಾಮಿಯೊಕಾ ಗಣಿಯಿಂದ ಹೊರಬಿದ್ದ ಕ್ಯಾಡ್ಮಿಯಂ ಜಿಂಜು ನದಿಯ ನೀರಿನೊಡನೆ ಗದ್ದೆಗಳಿಗೆ ಹೋಯಿತು. ಗದ್ದೆಯಿಂದ ಅಕ್ಕಿಗೆ ಬಂತು. ಆ ಅಕ್ಕಿಯ ಅನ್ನ ಉಂಡ ಹೆಂಗಸರ ಮೂಳೆಗಳು ಮೆತ್ತಗಾಗಿ, ಕೆಮ್ಮಿದರೂ ಮುರಿಯುವಂತಾದವು. ನೋವು, ನೋವು ಎಂಬ ಅವರ ನರಳಾಟವೇ ಇತಾಯಿ ಇತಾಯಿ ಎಂದು ರೋಗದ ಹೆಸರಾಯಿತು. ಇರಾಕ್ ದೇಶದಲ್ಲಿ 1971-72ರ ಚಳಿಗಾಲದಲ್ಲಿ ಬಿತ್ತನೆಗೆಂದು ತರಿಸಿದ ಗೋಧಿಗೆ ಶಿಲೀಂಧ್ರ ಹಿಡಿಯದಿರಲೆಂದು ಮೀಥೈಲ್ ಪಾದರಸವನ್ನೇ ಲೇಪಿಸಲಾಗಿತ್ತು. ಚೀಲದ ಮೇಲಿನ ಎಚ್ಚರಿಕೆ ಅಲ್ಲಿನ ರೈತರಿಗೆ ಬಾರದ ಭಾಷೆಯಲ್ಲಿತ್ತು. ಕೆಂಪು ಬಣ್ಣವನ್ನು ತೊಳೆದರೆ ವಿಷ ಹೋಯಿತೆಂದು ನಂಬಿ ರೊಟ್ಟಿ ಮಾಡಿ ತಿಂದವರಲ್ಲಿ 6,530 ಜನ ಆಸ್ಪತ್ರೆ ಸೇರಿದರು. 459 ಜನ ಅಲ್ಲೇ ಸತ್ತರು. ಅನ್ನ ಉಂಡವರಿಗೂ ರೊಟ್ಟಿ ತಿಂದವರಿಗೂ ಯಾವ ಪಾಪದ ಫಲವೆಂದು ಹೇಳಬೇಕು?

ಎರಡನೆಯದಾಗಿ, ಈ ವಾದ ಅಹಿಂಸೆಯನ್ನೇ ಅಗ್ಗಗೊಳಿಸುತ್ತದೆ. ಮೀನಿನಲ್ಲಿ ವಿಷವಿದೆ, ಆದುದರಿಂದ ತಿನ್ನಬೇಡಿ ಎನ್ನುವವನು, ವಿಷವಿಲ್ಲದ ಮೀನನ್ನು ಏನೆನ್ನುತ್ತಾನೆ? ನಾಳೆ ಕಡಲು ಶುದ್ಧವಾದರೆ ಮೀನಿನ ಪ್ರಾಣಕ್ಕಿದ್ದ ಬೆಲೆ ಕಡಮೆಯಾಗುವುದೇ? ಮೀನನ್ನು ಕೊಲ್ಲಬಾರದೆಂಬುದಕ್ಕೆ ಮೀನಿಗೆ ಬದುಕುವ ಇಚ್ಛೆಯಿದೆ ಎಂಬ ಕಾರಣ ಸಾಕು. ತಿನ್ನುವವನ ಆರೋಗ್ಯವನ್ನು ಅದಕ್ಕೆ ಊರುಗೋಲಾಗಿ ಕೊಟ್ಟರೆ ದಯೆಯ ಜಾಗದಲ್ಲಿ ಸ್ವಾರ್ಥವನ್ನು ಕೂರಿಸಿದಂತಾಗುತ್ತದೆ. ಮಿನಮಾಟದ ಕೊಲ್ಲಿಯ ಬಾಯಿಗೆ 1974ರಲ್ಲಿ ಬಲೆ ಕಟ್ಟಿ, ಒಳಗಿನ ಮೀನು ಹೊರಗೆ ಹೋಗದಂತೆ ಮಾಡಿದರು. ವಿಷಯುಕ್ತ ಮೀನುಗಳನ್ನು ಹಿಡಿದು, ಪೀಪಾಯಿಗಳಲ್ಲಿ ತುಂಬಿ, ಕೆಸರು ತುಂಬಿಸಿ ಎತ್ತರಿಸಿದ ನೆಲದಡಿ ಹೂತರು. ಯಾರೂ ತಿನ್ನಲಿಲ್ಲ, ಆದರೂ ಕೊಂದರು. ಬಲೆಯನ್ನು ತೆಗೆದದ್ದು 1997ರಲ್ಲಿ. ಆ ಮೀನುಗಳ ಪ್ರಾಣದ ಲೆಕ್ಕವನ್ನು ಯಾರ ಹೆಸರಿನಲ್ಲಿ ಬರೆಯಬೇಕೆಂಬುದು ಸಸ್ಯಾಹಾರದ ಕರಪತ್ರಗಳು ಕೇಳದ ಪ್ರಶ್ನೆ.

ಕರ್ಮಸಿದ್ಧಾಂತದ ಹೆಸರಿನಲ್ಲಿ ಹೇಳುವ ಮಾತಿಗೂ ಇಲ್ಲಿಯೇ ಉತ್ತರ ಹೇಳಬೇಕು. ಪ್ರತಿಜೀವಿಯ ಸುಖದುಃಖಕ್ಕೆ ಅದರದೇ ಕರ್ಮದ ಉದಯ ಕಾರಣವೆಂಬುದು ನಿಜ. ಆದರೆ ಆ ಉದಯಕ್ಕೆ ನಿಮಿತ್ತನಾದವನು ತನ್ನ ಕಷಾಯದಿಂದ, ತನ್ನ ಪ್ರಮಾದದಿಂದ ಹೊಸ ಕರ್ಮವನ್ನು ಕಟ್ಟಿಕೊಳ್ಳುತ್ತಾನೆಂಬುದೂ ಅಷ್ಟೇ ನಿಜ. ಸಿದ್ಧಾಂತದ ಮೊದಲರ್ಧವನ್ನು ಸಂತ್ರಸ್ತರಿಗೆ ಹೇಳಿ, ಎರಡನೆಯ ಅರ್ಧವನ್ನು ಸಂಸ್ಥೆಗಳಿಗೆ ಹೇಳದೆ ಬಿಡುವುದು ಪಕ್ಷಪಾತ. ಅನುಕಂಪೆಯನ್ನು ಆಚಾರ್ಯರು ಸಮ್ಯಕ್ತ್ವದ ಲಕ್ಷಣಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಕುತ್ತಿಗೆ ನಿಲ್ಲದ ಕೂಸನ್ನು ಕಂಡು ಅದರ ಪೂರ್ವಜನ್ಮವನ್ನು ವಿಚಾರಿಸುವವನಲ್ಲಿ ಆ ಲಕ್ಷಣವಿದೆಯೆಂದು ಹೇಳುವುದು ಕಷ್ಟ.

ಇನ್ನು ಪಾಲಿಲ್ಲವೆಂಬ ಮೊದಲನೆಯ ಉತ್ತರ. ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿ, ಅದರಲ್ಲಿ ಸಂಕಲ್ಪಿಯನ್ನು ಮಾತ್ರ ಪೂರ್ತಿಯಾಗಿ ಬಿಡಬೇಕೆಂದು ಹೇಳುವ ಕ್ರಮ ಓದುಗರಿಗೆ ಪರಿಚಿತವಾದುದು. ಜೀವನೋಪಾಯಕ್ಕಾಗಿ ಮಾಡುವ ವ್ಯವಸಾಯ, ವ್ಯಾಪಾರ, ಕೈಗಾರಿಕೆಗಳಲ್ಲಿ ಅನಿವಾರ್ಯವಾಗಿ ಆಗುವ ಹಿಂಸೆಗೆ ಗೃಹಸ್ಥನಿಗೆ ಒಂದಿಷ್ಟು ರಿಯಾಯಿತಿಯಿದೆ. ಆದರೆ ಆ ರಿಯಾಯಿತಿ ಯತ್ನಾಚಾರದ ಮೇಲೆ ನಿಂತಿದೆ. ಮಿನಮಾಟದ ಕಾರ್ಖಾನೆಯವರು 1932ರಲ್ಲಿ ತಿಳಿಯದೆ ಮಾಡಿದ್ದನ್ನು ಉದ್ಯೋಗಿ ಹಿಂಸೆಯೆನ್ನಬಹುದು. ಬೆಕ್ಕುಗಳೂ ಮಕ್ಕಳೂ ಒಂದೇ ರೀತಿಯಲ್ಲಿ ನರಳಿದ ಮೇಲೆ ವಿಚಾರಿಸದೆ ಮುಂದುವರಿದದ್ದು ಪ್ರಮಾದ. 1959ರ ಅಕ್ಟೋಬರಿನ ನಂತರ, ಎಂದರೆ ಗೊತ್ತಾದ ಮೇಲೆ, ಎಂಟೂವರೆ ವರ್ಷಗಳ ಕಾಲ ಹರಿಸಿದ್ದನ್ನು ಉದ್ಯೋಗಿ ಎಂಬ ಹೆಸರಿನಿಂದ ಕರೆಯಲು ಬಾರದು. ಕೊಲ್ಲಬೇಕೆಂಬ ಇಚ್ಛೆ ಅಲ್ಲಿರಲಿಲ್ಲ ಎಂದು ವಾದಿಸಬಹುದು. ಇದ್ದದ್ದು ಲಾಭದ ಇಚ್ಛೆ ಮಾತ್ರ. ಆದರೆ ಸಾಯುತ್ತಾರೆಂದು ತಿಳಿದೂ ನಿಲ್ಲಿಸದವನ ಮನಸ್ಸಿಗೂ ಸಂಕಲ್ಪಕ್ಕೂ ನಡುವೆ ಉಳಿಯುವ ಅಂತರ ಬಹಳ ತೆಳ್ಳಗಿನದು.

ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ಇಲ್ಲಿ ಅನ್ವಯಿಸಿ ನೋಡಬೇಕು. ಕೊಳಾಯಿ ತಿರುಗಿಸಿದವನದು ಕೃತ, ತಿರುಗಿಸೆಂದವನದು ಕಾರಿತ. ಅನುಮೋದಿತ ಯಾರದು? 1959ರ ನವೆಂಬರಿನಲ್ಲಿ ಬೆಸ್ತರು ರೊಚ್ಚಿಗೆದ್ದು ಕಾರ್ಖಾನೆಗೆ ನುಗ್ಗಿದ ಮೇಲೆ, ಊರಿನ ಮೇಯರ್, ವರ್ತಕರ ಸಂಘ, ಕಾರ್ಮಿಕ ಸಂಘ ಮೊದಲಾದವರೆಲ್ಲ ಕೂಡಿ, ಕಾರ್ಖಾನೆಯ ನೀರನ್ನು ನಿಲ್ಲಿಸಬಾರದೆಂದು ಪ್ರಾಂತಾಧಿಕಾರಿಯಲ್ಲಿ ಬೇಡಿಕೊಂಡರು. ಊರಿನ ಸಂಬಳ, ತೆರಿಗೆ, ಅಂಗಡಿಗಳ ವ್ಯಾಪಾರವೆಲ್ಲ ಕಾರ್ಖಾನೆಯನ್ನು ನೆಚ್ಚಿದ್ದವು. ಅವರಲ್ಲಿ ಒಬ್ಬರೂ ಕ್ರೂರಿಗಳಾಗಿರಬೇಕೆಂದಿಲ್ಲ. ಜೈನ ವರ್ತಕರ ಯಾವ ಊರಿನಲ್ಲಾದರೂ ಅಂಥದೇ ಮನವಿ ಸಿದ್ಧವಾದರೆ ಸಹಿ ಹಾಕದೆ ಉಳಿಯುವವರು ಎಷ್ಟು ಮಂದಿ?

ದೂರದ ಜಪಾನನ್ನು ಬಿಟ್ಟು ಹತ್ತಿರಕ್ಕೆ ಬಂದರೂ ಪ್ರಶ್ನೆ ಬದಲಾಗದು. ಕಾರವಾರದ ಸಮೀಪದ ಬಿಣಗಾದಲ್ಲಿ ಪಾದರಸದ ಕೋಶಗಳನ್ನು ಬಳಸಿ ಕಾಸ್ಟಿಕ್ ಸೋಡಾ ತಯಾರಿಸುವ ಕಾರ್ಖಾನೆಯಿತ್ತು. ಅದರ ಬಳಿಯ ಸಮುದ್ರದಲ್ಲಿನ ಪಾದರಸವನ್ನು ಕುರಿತು ವಿಜ್ಞಾನಿಗಳ ಅಧ್ಯಯನ 1990ರಲ್ಲಿಯೇ ಪ್ರಕಟವಾಗಿದೆ. ಬಿಣಗಾ ಮಿನಮಾಟವಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವಾದೀತು. ದೇಶದ ಕಾಸ್ಟಿಕ್ ಸೋಡಾ ಉದ್ಯಮವೂ ಈ ಶತಮಾನದಲ್ಲಿ ಪಾದರಸವನ್ನು ಬಿಟ್ಟು ಪೊರೆಯ ಕೋಶಗಳಿಗೆ ಬದಲಾಯಿಸಿಕೊಂಡಿದೆ. ಆದರೆ ಆ ಸೋಡಾ ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಯೋಚಿಸಬೇಕು. ಸಾಬೂನಿಗೆ, ಬಟ್ಟೆಗೆ, ಕಾಗದಕ್ಕೆ. ಮಡಿಬಟ್ಟೆ ಒಗೆದ ಸಾಬೂನಿನಲ್ಲಿಯೂ ಶಾಸ್ತ್ರಗ್ರಂಥ ಅಚ್ಚಾದ ಕಾಗದದಲ್ಲಿಯೂ ಅದರ ಅಂಶವಿತ್ತು. ಮೀನು ತಿನ್ನದವನ ಮನೆಯಿಂದಲೂ ಕಡಲಿಗೆ ಒಂದು ದಾರಿ ಇದ್ದೇ ಇತ್ತು.

ನೀರನ್ನು ಸೋಸದೆ ಕುಡಿಯಬಾರದು, ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ನೀರು ತಂದ ಬಾವಿಗೇ ಮರಳಿ ಮುಟ್ಟಿಸಬೇಕು ಎಂಬುದು ಶ್ರಾವಕರ ಮನೆಗಳಲ್ಲಿ ತಲೆಮಾರುಗಳಿಂದ ಬಂದ ನಿಯಮ. ಕಣ್ಣಿಗೆ ಕಾಣದ ಜೀವವನ್ನು ಅದರ ಮನೆಗೇ ಕಳುಹಿಸಿಕೊಡುವ ಇಂಥ ಸೂಕ್ಷ್ಮತೆ ಅಪೂರ್ವವಾದುದು. ಆದರೆ ಒಳಬರುವ ನೀರಿಗೆ ಇಷ್ಟು ಎಚ್ಚರ ವಹಿಸಿದ ಮನೆಯ ಯಜಮಾನ ತನ್ನ ಕಾರ್ಖಾನೆಯಿಂದ ಹೊರಹೋಗುವ ನೀರನ್ನು ಗುಮಾಸ್ತನ ವಶಕ್ಕೆ ಬಿಟ್ಟರೆ ಆ ಬಟ್ಟೆಗೆ ಅರ್ಥವೇನು? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಭೇದಗಳನ್ನು ಹೇಳುವಾಗ ಪ್ರಮಾದಚರ್ಯೆಯನ್ನೂ ಸೇರಿಸಿ, ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳಿಗೆ ಬಾಧೆ ಮಾಡುವುದನ್ನು ನಿಷೇಧಿಸಿದ್ದಾರೆ. ಆಚಾರ್ಯರಿಗೆ ಪಾದರಸದ ಕೋಶ ತಿಳಿದಿರಲಿಲ್ಲ. ಮನುಷ್ಯನ ಅಲಕ್ಷ್ಯ ಚೆನ್ನಾಗಿ ತಿಳಿದಿತ್ತು.

ಬಸದಿಗಳ ಆಡಳಿತ ನಡೆಸುವ ಟ್ರಸ್ಟುಗಳಿಗೆ ಈ ವಿಷಯ ಇನ್ನಷ್ಟು ನೇರವಾಗಿ ಸಂಬಂಧಿಸುತ್ತದೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನು ಎಣಿಸುವಾಗ ಮೊದಲು ಹೇಳಿದ್ದು ನ್ಯಾಯದಿಂದ ಗಳಿಸಿದ ಧನವನ್ನು. ದಾನ, ಪೂಜೆಗಳೆಲ್ಲ ಅನಂತರ. ಇಂದು ಪಂಚಕಲ್ಯಾಣಕ್ಕೋ ಮಾನಸ್ತಂಭಕ್ಕೋ ದೊಡ್ಡ ಮೊತ್ತದ ವಾಗ್ದಾನ ಬಂದಾಗ ದಾನಿಯ ಊಟದ ಆಚಾರವನ್ನು ವಿಚಾರಿಸುವುದುಂಟು; ಮದ್ಯಮಾಂಸಗಳ ವಿಷಯದಲ್ಲಿ ಕಟ್ಟುನಿಟ್ಟು ಉಂಟು. ಅವನ ಕಾರ್ಖಾನೆಯ ಹಿಂಬದಿಯ ಕಾಲುವೆ ಎಲ್ಲಿಗೆ ಹೋಗುತ್ತದೆಂದು ವಿಚಾರಿಸಿದ ಉದಾಹರಣೆ ವಿರಳ. ಹೀಗೆ ಕೇಳುವುದು ಅಸಭ್ಯವೆಂದು ತೋರಬಹುದು. ಕೇಳಿದರೆ ದಾನಿ ಬೇರೆ ಕ್ಷೇತ್ರಕ್ಕೆ ಹೋಗುತ್ತಾನೆ, ಜೀರ್ಣೋದ್ಧಾರ ಅಲ್ಲೇ ನಿಲ್ಲುತ್ತದೆ ಎಂಬ ಅಳುಕೂ ಇದೆ. ಅದು ಸುಳ್ಳು ಅಳುಕಲ್ಲ. ಸೋರುವ ಮಾಡಿನ ಕೆಳಗೆ ಕುಳಿತ ಆಡಳಿತ ಮಂಡಳಿಗೆ ಉಪದೇಶ ಮಾಡುವುದು ಸುಲಭ. ಆದರೂ ಕಾಲುವೆಯ ವಿಷಯ ತಿಳಿದೂ ಹಣ ಪಡೆದು, ಶಿಲಾಫಲಕದಲ್ಲಿ ಹೆಸರು ಕೆತ್ತಿಸಿದರೆ, ಅನುಮೋದನೆಗೆ ಅದಕ್ಕಿಂತ ಸ್ಪಷ್ಟವಾದ ಲಿಪಿ ಇನ್ನೊಂದಿಲ್ಲ.

ಚಿನ್ನದ ವಿಷಯವೂ ಹೀಗೆಯೇ. ಜಗತ್ತಿನಲ್ಲಿ ಮನುಷ್ಯರ ಕೆಲಸಗಳಿಂದ ಗಾಳಿಗೆ ಸೇರುವ ಪಾದರಸದಲ್ಲಿ ಅತಿ ಹೆಚ್ಚಿನ ಪಾಲು, ಶೇಕಡಾ 38ರಷ್ಟು, ಸಣ್ಣ ಪ್ರಮಾಣದ ಚಿನ್ನದ ಗಣಿಗಳದು. ಕಲ್ಲಿದ್ದಲು ಉರಿಸುವುದು ಅದರ ನಂತರದ್ದು, ಶೇಕಡಾ 21. ಹೀಗೆಂದು ವಿಶ್ವಸಂಸ್ಥೆಯ 2018ರ ಅಂದಾಜು ಹೇಳುತ್ತದೆ. ಅಮೆಜಾನ್ ಕಾಡುಗಳಲ್ಲಿ, ಪಶ್ಚಿಮ ಆಫ್ರಿಕದಲ್ಲಿ, ಇಂಡೋನೇಷ್ಯಾದಲ್ಲಿ ಬಡವರು ಅದಿರಿನ ಪುಡಿಗೆ ಪಾದರಸ ಬೆರೆಸಿ, ಚಿನ್ನವನ್ನು ಅದಕ್ಕೆ ಅಂಟಿಸಿಕೊಂಡು, ಬರಿಗೈಯಲ್ಲಿ ಹಿಂಡಿ, ಬೆಂಕಿಯಲ್ಲಿ ಕಾಯಿಸಿ ಪಾದರಸವನ್ನು ಆವಿಯಾಗಿ ಬಿಡುತ್ತಾರೆ. ಅದು ಮಳೆಯೊಡನೆ ಇಳಿದು ಹೊಳೆಯ ಮೀನನ್ನು ಸೇರುತ್ತದೆ. ಕರಗಿಸಿದ ಮೇಲೆ ಚಿನ್ನಕ್ಕೆ ಊರಿಲ್ಲ, ಹೆಸರಿಲ್ಲ. ಮದುವೆಯ ಸರದಲ್ಲಿ ಅಥವಾ ಶಿಖರದ ಕಲಶದಲ್ಲಿ ಅದರ ಒಂದು ಕಣ ಇಲ್ಲವೆಂದು ಪ್ರಮಾಣ ಮಾಡಬಲ್ಲವರು ಯಾರೂ ಇಲ್ಲ. ಪರಿಗ್ರಹ ಪರಿಮಾಣವ್ರತವನ್ನು ಹೇಳಿದಾಗ ಬಂಗಾರವನ್ನು ಹೆಸರಿಸಿಯೇ ಮಿತಿ ಹಾಕಿಕೊಳ್ಳಬೇಕೆಂದು ವಿಧಿಸಿದ್ದರಲ್ಲಿ ಹಿರಿಯರಿಗೆ ಬೇರೆ ಕಾರಣಗಳಿದ್ದವು. ಈಗ ಇದೊಂದು ಕಾರಣ ಹೆಚ್ಚಿಗೆ ಸೇರಿದೆ.

ಇದಕ್ಕೆಲ್ಲ ಕಾನೂನು ಇಲ್ಲವೇ ಎಂದರೆ, ಇದೆ. ಪಾದರಸವನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ಒಡಂಬಡಿಕೆಗೆ 2013ರಲ್ಲಿ ಕುಮಾಮೊಟೊದಲ್ಲಿಯೇ ಸಹಿ ಬಿತ್ತು. ಮಿನಮಾಟದ ಹೆಸರನ್ನೇ ಅದಕ್ಕಿಟ್ಟರು. 2017ರಲ್ಲಿ ಜಾರಿಗೆ ಬಂತು, 2018ರಲ್ಲಿ ಭಾರತವೂ ಸ್ಥಿರೀಕರಿಸಿತು. ಮೀನಿನಲ್ಲಿ ಎಷ್ಟು ಪಾದರಸ ಇರಬಹುದೆಂಬುದಕ್ಕೂ ಮಿತಿಗಳಿವೆ. ಕಾನೂನು ಕೊಳಾಯಿಯ ತುದಿಯನ್ನು ಅಳೆಯುತ್ತದೆ. ತಿಳಿದೂ ಸುಮ್ಮನಿದ್ದವನ ಮನಸ್ಸನ್ನು ಅಳೆಯುವ ಕೆಲಸ ಅದರದಲ್ಲ.

ಆ ಕೆಲಸವನ್ನು ಮಿನಮಾಟದಲ್ಲಿ ಕೆಲವರು ತಾವಾಗಿಯೇ ಮಾಡಿಕೊಂಡರು. 1968ರ ಆಗಸ್ಟಿನಲ್ಲಿ ಕಾರ್ಖಾನೆಯ ಕಾರ್ಮಿಕ ಸಂಘವು, ಇಷ್ಟು ವರ್ಷ ರೋಗಿಗಳಿಗಾಗಿ ಏನನ್ನೂ ಮಾಡದೆ ಇದ್ದುದಕ್ಕೆ ನಾಚಿಕೆಪಡುತ್ತೇವೆಂದು ಬಹಿರಂಗವಾಗಿ ನಿರ್ಣಯ ಮಾಡಿತು. ಅಲ್ಲಿನ ಜನ ಅದನ್ನು ನಾಚಿಕೆಯ ಘೋಷಣೆ ಎಂದೇ ಕರೆಯುತ್ತಾರೆ. ಪ್ರತಿಕ್ರಮಣವೆಂಬ ಶಬ್ದ ಅವರಿಗೆ ತಿಳಿದಿರಲಿಲ್ಲ. ಕ್ಷಮಾವಣಿಯ ದಿನ ಮನೆಮನೆಗೆ ಹೋಗಿ ಕ್ಷಮೆ ಕೇಳುವ ಸಮಾಜಕ್ಕೆ ಆ ನಿರ್ಣಯದ ತೂಕ ಬೇಗನೆ ತಿಳಿದೀತು. ಅಲ್ಲಿ ಕೇಳಿದ್ದು ಸುಮ್ಮನಿದ್ದ ತಪ್ಪಿಗೆ.

ಒಗಾಟಾ ಮಸಾಟೊ ಎಂಬ ಬೆಸ್ತನ ಮಾತು ಇನ್ನೂ ಕಠಿನವಾದುದು. 1959ರಲ್ಲಿ, ಅವರು ಇನ್ನೂ ಬಾಲಕರಾಗಿದ್ದಾಗ, ತಂದೆ ಈ ರೋಗದಿಂದಲೇ ಸತ್ತರು. ಬೆಳೆದ ಮೇಲೆ ರೋಗಿಗಳ ಹೋರಾಟದ ಮುಂದಾಳುವಾದರು. 1985ರಲ್ಲಿ ಮಾನ್ಯತೆಗಾಗಿ ಹಾಕಿದ್ದ ತಮ್ಮ ಅರ್ಜಿಯನ್ನೇ ಹಿಂದಕ್ಕೆ ಪಡೆದರು. ತಾನು ಆ ಕಾರ್ಖಾನೆಯ ನೌಕರನಾಗಿದ್ದರೆ ಬೇರೆ ಏನನ್ನಾದರೂ ಮಾಡುತ್ತಿದ್ದೆನೇ ಎಂಬ ಪ್ರಶ್ನೆ ಅವರನ್ನು ಕಾಡಿತ್ತು. ಮನ್ನಿಸಲು ಅವರು ಹೊರಟಿರಲಿಲ್ಲ. ತನ್ನ ದೋಣಿಯೂ ಪ್ಲಾಸ್ಟಿಕ್ಕಿನದೇ ಆಗಿರುವಾಗ, ವಿಷ ಮಾಡಿದವನೂ ವಿಷ ಉಂಡವನೂ ಬೇರೆ ಬೇರೆ ಜಾತಿಯವರಲ್ಲ ಎಂದು ಕಂಡುಕೊಂಡಿದ್ದರು. ಚಿಸ್ಸೊ ಎಂದರೆ ನಾನೇ ಎಂಬರ್ಥದ ಹೆಸರಿನ ಅವರ ಪುಸ್ತಕ 2001ರಲ್ಲಿ ಬಂತು. ವಿಷದ ಕೆಸರು ತುಂಬಿದ ಆ ನೆಲದ ಮೇಲೆ ಅವರೂ ಅವರ ಗೆಳೆಯರೂ ಕೈಯಾರೆ ಕೆತ್ತಿದ ಚಿಕ್ಕ ಕಲ್ಲಿನ ಮೂರ್ತಿಗಳನ್ನು ಕಡಲಿಗೆ ಮುಖಮಾಡಿ ನಿಲ್ಲಿಸಿದ್ದಾರೆ. ಸತ್ತ ಮನುಷ್ಯರೊಡನೆ ಮೀನು, ಹಕ್ಕಿ, ಬೆಕ್ಕುಗಳನ್ನೂ ಅಲ್ಲಿ ಸ್ಮರಿಸಲಾಗುತ್ತದೆ.

ಪ್ರತಿವರ್ಷ ಮೇ 1ರಂದು ಮಿನಮಾಟದಲ್ಲಿ ಸ್ಮಾರಕ ಸಭೆ ನಡೆಯುತ್ತದೆ. 2024ರಲ್ಲಿ ಸಭೆಯ ನಂತರ ಸಂತ್ರಸ್ತರು ಪರಿಸರ ಸಚಿವರನ್ನು ಭೇಟಿಯಾದರು. ಒಬ್ಬೊಬ್ಬರಿಗೆ ಮೂರು ನಿಮಿಷ ಕೊಡಲಾಗಿತ್ತು. ತೀರಿಕೊಂಡ ಹೆಂಡತಿಯ ಸಂಕಟವನ್ನು ಹೇಳುತ್ತಿದ್ದ ಮುದುಕರೊಬ್ಬರ ಮಾತು ಆ ಅವಧಿ ಮೀರಿದಾಗ ಅಧಿಕಾರಿಗಳು ಮೈಕನ್ನು ನಿಲ್ಲಿಸಿಬಿಟ್ಟರು. ಒಂದು ವಾರದ ಮೇಲೆ ಸಚಿವರು ಮತ್ತೆ ಆ ಊರಿಗೆ ಹೋಗಿ ಅವರ ಕ್ಷಮೆ ಕೇಳಿದರು. ಜುಲೈ ತಿಂಗಳಲ್ಲಿ ಸಂತ್ರಸ್ತರೊಡನೆ ಸಭೆಗಳು ಮತ್ತೊಮ್ಮೆ ನಡೆದವು.